ಬಾಗಿಲ ಕೆಳಗಿನ ಅರ್ಧ ಇಂಚು: ಬಾಡಿಗೆ ಮನೆಯಲ್ಲಿ ನಿಶ್ಶಬ್ದ ಹುಡುಕಿದವರ ಕಥೆ

ಇವತ್ತಿನ ಮಾತು ಯಾವ ರಾಜನದ್ದೂ ಅಲ್ಲ, ಒಂದು ಬಾಗಿಲಿನದ್ದು.

ನಾನಿರೋದು ಪುಣೆಯಲ್ಲಿ, ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಅದರಲ್ಲಿ ಚಿಕ್ಕ ರೂಮೇ ಈ ಚಾನೆಲ್‌ನ ಸ್ಟುಡಿಯೋ. ಆಫೀಸ್ ಮುಗಿಸಿ, ಊಟ ಮಾಡಿ, ರಾತ್ರಿ ಹನ್ನೊಂದಕ್ಕೆ ಮೈಕ್ ಮುಂದೆ ಕೂತರೆ ನನಗೆ ಪ್ರಪಂಚವೇ ಬೇಡ. ಆದರೆ ಪಕ್ಕದ ರೂಮಿನಲ್ಲಿ ಮೂರು ವರ್ಷದ ಮಗಳು ಮಲಗಿರ್ತಾಳೆ. ಹೆಂಡತಿಗೆ ಬೆಳಗ್ಗೆ ಆರೂವರೆಗೆ ಕಾಲ್. ಒಂದು ದಿನ ಅವಳು ಬಾಗಿಲು ತೆಗೆದು ನಿಧಾನಕ್ಕೆ ಹೇಳಿದಳು: "ನಿನ್ನ ಹಿಸ್ಟರಿ ನನ್ನ ನಿದ್ದೆ ತಿಂತಾ ಇದೆ ಕಣೋ. ಮಗು ಎರಡು ಸಲ ಎದ್ದಿದ್ದಾಳೆ."

ಎಂಟೆಕ್ ಮಾಡಿದವನು ನೋಡಿ, ತಕ್ಷಣ ಆನ್‌ಲೈನಲ್ಲಿ ಫೋಮ್ ಆರ್ಡರ್ ಮಾಡಿದೆ. ಬಾಗಿಲ ತುಂಬಾ ಕಪ್ಪು ಫೋಮ್ ಅಂಟಿಸಿದೆ. ರೆಕಾರ್ಡಿಂಗ್ ಚೆನ್ನಾಯ್ತು, ಆದರೆ ಮಗಳು ಏಳೋದು ನಿಲ್ಲಲಿಲ್ಲ. ಓನರ್ ಬಂದು ಅಂಟಿನ ಕಲೆ ನೋಡಿ "ಡೆಪಾಸಿಟ್‌ನಲ್ಲಿ ಹಿಡ್ಕೊಳ್ತೀನಿ" ಅಂದರು. ಎಲ್ಲಿ ತಪ್ಪಿದೆ ಅಂತ ಓದೋಕೆ ಶುರು ಮಾಡಿದಾಗ ಗೊತ್ತಾಯ್ತು, ಈ ತಪ್ಪಿಗೆ ದೊಡ್ಡ ಪರಂಪರೆಯೇ ಇದೆ.

ಮೊದಲನೆಯವರು ಥಾಮಸ್ ಕಾರ್ಲೈಲ್, ಇತಿಹಾಸಕಾರ. 1834ರಿಂದ 1881ರಲ್ಲಿ ಸಾಯೋವರೆಗೂ ಲಂಡನ್ನಿನ ಚೆಲ್ಸಿಯಲ್ಲಿ ಒಂದೇ ಬಾಡಿಗೆ ಮನೆ, ವರ್ಷಕ್ಕೆ 35 ಪೌಂಡ್. ಅಕ್ಕಪಕ್ಕದ ಹುಂಜಗಳು, ಪಿಯಾನೋ, ಬೀದಿಯ ವಾದ್ಯದವರು, ಎಲ್ಲವೂ ಅವರಿಗೆ ಹಿಂಸೆ. 1853ರಲ್ಲಿ ಅವರು ಮನೆಯ ಮೇಲ್ಭಾಗದಲ್ಲಿ ಹೊಸ ಕೋಣೆಯನ್ನೇ ಕಟ್ಟಿಸಲು ಹೊರಟರು. ಜೋಡಿ ಗೋಡೆ, ಬೆಳಕಿಗೆ ಚಾವಣಿಯಲ್ಲಿ ಗಾಜು. ಕಟ್ಟೋವಾಗ ಆದ ಗಲಾಟೆಯನ್ನ ಅನುಭವಿಸಿದ್ದು ಹೆಚ್ಚಾಗಿ ಅವರ ಹೆಂಡತಿ ಜೇನ್. ಕೆಲಸದವರು ಮೇಲಿನಿಂದ ಗಾರೆ ಸಮೇತ ಕೆಳಗಿನ ಕೋಣೆಗೆ ಬಿದ್ದ ಪ್ರಸಂಗ ಜೇನ್ ಪತ್ರಗಳಲ್ಲಿದೆ. ಹುಂಜ ಸಾಕಿದ ಪಕ್ಕದ ಮನೆಯವರ ಹತ್ತಿರ ಹೋಗಿ ಮಾತಾಡಿ ಒಪ್ಪಿಸಿದ್ದೂ ಜೇನ್.

ಕೋಣೆ ಆಯ್ತು. ಹತ್ತಿರದ ಸದ್ದು ಕಡಿಮೆಯಾಯ್ತು. ಆದರೆ ಇಲ್ಲಿಯವರೆಗೆ ಗಮನಕ್ಕೇ ಬಾರದ ದೂರದ ಸದ್ದು, ನದಿಯ ಹಡಗು, ರೈಲಿನ ಸೀಟಿ, ಚಾವಣಿ ಕಡೆಯಿಂದ ಇಳಿದು ಬಂತು! ಆದರೂ ಅವರು ಅಲ್ಲೇ ಕೂತು ಪ್ರಷ್ಯಾದ ರಾಜ ಫ್ರೆಡರಿಕ್‌ನ ಚರಿತ್ರೆ ಬರೆದು 1865ರಲ್ಲಿ ಮುಗಿಸಿದರು. ಆಮೇಲೆ ಆ ಕೋಣೆ ಕೆಲಸದವಳ ಮಲಗೋ ಕೋಣೆಯಾಯ್ತು.

ಅಂದಹಾಗೆ, ಕಂಪ್ಯೂಟರಿನ ಅಜ್ಜ ಅಂತ ನಾವು ಹೇಳೋ ಚಾರ್ಲ್ಸ್ ಬ್ಯಾಬೇಜ್ ಕೂಡ ಅದೇ ಲಂಡನ್ನಿನಲ್ಲಿ ಬೀದಿ ಸಂಗೀತದ ಮೇಲೆ ಯುದ್ಧ ಸಾರಿದ್ದರು. 1864ರ ತಮ್ಮ ಆತ್ಮಕಥೆಯಲ್ಲಿ ಅದಕ್ಕೇ ಒಂದು ಅಧ್ಯಾಯ ಕೊಟ್ಟರು. ಅದೇ ವರ್ಷ ಬೀದಿ ಸಂಗೀತ ನಿಯಂತ್ರಿಸೋ ಕಾನೂನೂ ಬಂತು. ನಮ್ಮ ಕಸುಬಿನವರಿಗೆ ಈ ಕಿರಿಕಿರಿ ಹೊಸದೇನಲ್ಲ.

ಎರಡನೆಯವರು ಮಾರ್ಸೆಲ್ ಪ್ರೂಸ್ಟ್. ಪ್ಯಾರಿಸ್ಸಿನ ಬುಲೆವಾರ್ ಹೌಸ್‌ಮನ್, 102ನೇ ನಂಬರ್. 1910ರಲ್ಲಿ ಮಲಗೋ ಕೋಣೆಯ ಗೋಡೆಗೆಲ್ಲ ಕಾರ್ಕ್ ಹೊಡೆಸಿದರು, ಅಂದರೆ ಬಾಟಲಿಗೆ ಹಾಕೋ ಬಿರಡೆ ಇರುತ್ತಲ್ಲ, ಅದೇ ವಸ್ತು. ಇಷ್ಟಾದರೂ ಮೇಲಿನ ಮನೆಯಲ್ಲಿ ಮೊಳೆ ಹೊಡೆದರೆ ಕೇಳ್ತಿತ್ತು. ಕಾರಣ ಸರಳ: ಸುತ್ತಿಗೆಯ ಪೆಟ್ಟು ಗಾಳಿಯಲ್ಲಿ ಬರಲ್ಲ, ಕಟ್ಟಡದ ಮೈಯಲ್ಲೇ ಇಳಿದು ಬರುತ್ತೆ. ಆಗ ಅವರು ಮೇಲಿನ ಮನೆಯ ಶ್ರೀಮತಿ ವಿಲಿಯಮ್ಸ್‌ಗೆ ಪತ್ರ ಬರೆದರು, ತುಂಬಾ ಮರ್ಯಾದೆಯಿಂದ. ನನಗೆ ಹುಷಾರಿಲ್ಲ, ಮೊಳೆ ಹೊಡೆಯೋ ಹೊತ್ತು ಸ್ವಲ್ಪ ಬದಲಾಯಿಸೋಕೆ ಆಗುತ್ತಾ ಅನ್ನೋ ಧಾಟಿ. ಆ ಪತ್ರಗಳು 2013ರಲ್ಲಿ ಪುಸ್ತಕವಾಗಿ ಬಂದಿವೆ. 1919ರಲ್ಲಿ ಕಟ್ಟಡ ಮಾರಾಟವಾಗಿ ಅವರು ಮನೆ ಖಾಲಿ ಮಾಡಬೇಕಾಯ್ತು. ಎಷ್ಟೇ ಕಾರ್ಕ್ ಹೊಡೆಸಿದರೂ ಬೇರೆಯವರ ಮನೆ ಬೇರೆಯವರದ್ದೇ!

ಇವರಿಬ್ಬರ ಮಧ್ಯೆ ಅಮೆರಿಕದಲ್ಲಿ ಒಬ್ಬ ಮೇಷ್ಟ್ರು ಇದನ್ನ ಲೆಕ್ಕಕ್ಕೆ ತಂದರು. ವಾಲೇಸ್ ಸಬೀನ್, ಹಾರ್ವರ್ಡ್. 1895ರಲ್ಲಿ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಹಾಲ್‌ನಲ್ಲಿ ಒಂದು ಮಾತು ಆಡಿದರೆ ಅದು ಐದು ಸೆಕೆಂಡಿಗೂ ಹೆಚ್ಚು ಗುಂಯ್‌ಗುಡ್ತಿತ್ತು. ಸಬೀನ್ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನ ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ನಿನ ಒಂದು ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದರು. ದಿಂಬು ಹೆಚ್ಚಿದಷ್ಟೂ ಗುಂಯ್ ಕಡಿಮೆ. ಈ ಲೆಕ್ಕದ ಮೇಲೆಯೇ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ತೆರೆಯಿತು.

ನನ್ನ ಫೋಮ್ ಅಂದರೆ ಸಬೀನ್ ಅವರ ದಿಂಬು. ಅದು ರೂಮಿನ ಒಳಗಿನ ಗುಂಯ್ ತಿನ್ನುತ್ತೆ, ಆಚೆ ಹೋಗೋ ಸದ್ದನ್ನ ಹೆಚ್ಚೇನೂ ತಡೆಯಲ್ಲ. ತಡೆಯೋಕೆ ಬೇಕಾದ್ದು ಎರಡು: ತೂಕ, ಮತ್ತೆ ಸಂದಿಲ್ಲದ ಮುಚ್ಚಳ. 1915ರಲ್ಲಿ ಸಬೀನ್ ಸದ್ದು ತಡೆಯೋ ವಿಷಯಕ್ಕೇ ಬೇರೆ ಲೇಖನ ಬರೆದರು, ಎರಡೂ ಬೇರೆ ಬೇರೆ ಸಮಸ್ಯೆ.

ಈಗ ನನ್ನ ಬಾಗಿಲಿನ ಲೆಕ್ಕ. 7 ಅಡಿ ಎತ್ತರ, 3 ಅಡಿ ಅಗಲ, ಒಟ್ಟು 21 ಚದರ ಅಡಿ. ಕೆಳಗೆ ಅರ್ಧ ಇಂಚು ಸಂದು, ಅಂದರೆ ಚದರ ಅಡಿಯ ಎಂಟನೇ ಒಂದು ಭಾಗ. ಬಾಗಿಲಿನ 168ರಲ್ಲಿ ಒಂದು ಪಾಲು ತೆರೆದಿದೆ. ಆ ಪಾಲಿನ ಸದ್ದು ಹಾಗೇ ಹೋಗುತ್ತೆ ಅಂದುಕೊಂಡರೆ, ಉಳಿದ ಬಾಗಿಲನ್ನ ಕಬ್ಬಿಣದಲ್ಲೇ ಮಾಡಿಸಿದರೂ ಸುಮಾರು 22 ಡೆಸಿಬಲ್‌ಗಿಂತ ಹೆಚ್ಚು ತಡೆ ಸಿಗಲ್ಲ. ಮಾತು ಸುಮಾರು 60 ಡೆಸಿಬಲ್. ರಾತ್ರಿಯ ಮನೆಗೆ ಉಳಿದ 38 ಬೇಕಾದಷ್ಟಾಯ್ತು.

ಇದನ್ನ ನಮಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ. ಹೈದರಾಲಿಯ ಸೈನಿಕರು ನುಗ್ಗಿದ್ದು ಒಂದು ಕಿಂಡಿಯಿಂದ. ಓಬವ್ವ ಒನಕೆ ಹಿಡಿದು ನಿಂತಿದ್ದು ಕೋಟೆ ಮೇಲಲ್ಲ, ಆ ಕಿಂಡಿಯ ಪಕ್ಕ.

ಹಾಗಾಗಿ ನಾನೂ ಕಿಂಡಿ ಹುಡುಕಿದೆ. ರಾತ್ರಿ ದೀಪ ಆರಿಸಿ, ಒಳಗಿಂದ ಟಾರ್ಚ್ ಬಿಟ್ಟು, ಹೊರಗೆ ನಿಂತು ನೋಡಿದೆ. ಬೆಳಕು ಕಂಡ ಕಡೆಯೆಲ್ಲ ಸದ್ದಿನ ದಾರಿ: ಕೆಳಗೆ, ಚಿಲಕದ ಕಡೆ, ಬೀಗದ ತೂತಿನಲ್ಲಿ. ಚೌಕಟ್ಟಿಗೆ ಅಂಟೋ ರಬ್ಬರ್ ಪಟ್ಟಿ, ಕೆಳಗೆ ಜಿರಲೆ ಬರಬಾರದು ಅಂತ ಮಾರ್ತಾರಲ್ಲ ಆ ಡೋರ್ ಸೀಲ್, ತೂತಿಗೆ ಟೇಪ್. ಹೆಚ್ಚು ಫರಕು ಆಗಿದ್ದು ಇದರಿಂದಲೇ. ಮೊಳೆ ಹೊಡೆಯದೆ, ಸ್ಪ್ರಿಂಗ್ ರಾಡಿನಲ್ಲಿ ಊರಿಂದ ತಂದ ಕಂಬಳಿಯನ್ನೂ ಇಳಿಬಿಟ್ಟೆ, ಅದರಿಂದ ಆದದ್ದು ಸ್ವಲ್ಪ. ಮೈಕ್ ಹತ್ತಿರ ತಂದು ಮೆಲ್ಲಗೆ ಮಾತಾಡೋದು ಕಲಿತಿದ್ದು ಕಂಬಳಿಗಿಂತ ಹೆಚ್ಚು ಕೆಲಸ ಮಾಡಿತು. ಒಂದೇ ಎಚ್ಚರಿಕೆ: ಗಾಳಿ ನಿಂತ ರೂಮಿನಲ್ಲಿ ಅರ್ಧ ಗಂಟೆಗೇ ಸೆಕೆ, ಬಾಗಿಲು ತೆಗೆದು ತೆಗೆದು ರೆಕಾರ್ಡ್ ಮಾಡಿ.

ಲಂಡನ್ನಿನಲ್ಲಿ 1932ರ ಬಿಬಿಸಿ ಕಟ್ಟಡದಲ್ಲಿ ಸ್ಟುಡಿಯೋಗಳನ್ನ ಮಧ್ಯೆ ಇಟ್ಟು ಸುತ್ತ ಆಫೀಸ್ ಕಟ್ಟಿದರು. ನಮಗೆ ಅಷ್ಟು ಜಾಗ ಎಲ್ಲಿ? ಆದರೆ 1935ರಲ್ಲಿ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದರು. ಅದು ಓದಿದಾಗ ಧೈರ್ಯ ಬಂತು. ಜೊತೆಗೆ ಒಂದು ಯೋಚನೆಯೂ ಬಂತು: ಸ್ಟುಡಿಯೋ ಆದ ಮನೆಯಲ್ಲಿ ಉಳಿದವರು ಎಷ್ಟು ಮೆಲ್ಲಗೆ ನಡೆದಿರಬೇಕು?

ಕಾರ್ಲೈಲ್ ಕೋಣೆ ಸೋತಲ್ಲಿ ಜೇನ್ ಪಕ್ಕದ ಮನೆಯವರನ್ನ ಒಪ್ಪಿಸಿದ್ದು ಗೆದ್ದಿತು. ಪ್ರೂಸ್ಟ್ ಕಾರ್ಕ್ ಸೋತಲ್ಲಿ ಪತ್ರ ಬರೆದರು. ನಾನೂ ಕೊನೆಗೆ ಹೆಂಡತಿ ಹತ್ತಿರ ಕೂತು ಮಾತಾಡಿದೆ. ಈಗ ರೆಕಾರ್ಡಿಂಗ್ ಭಾನುವಾರ ಸಂಜೆ ಆರರಿಂದ ಏಳು. ಆ ಹೊತ್ತಲ್ಲಿ ಅವರಿಬ್ಬರೂ ಕೆಳಗೆ ಪಾರ್ಕಿಗೆ ಹೋಗ್ತಾರೆ. ಏಳಕ್ಕೆ ಮಗಳು ಬಂದು ಬಾಗಿಲು ಬಡಿದರೆ ಅಲ್ಲಿಗೆ ಮುಗಿಯಿತು, ವಾಕ್ಯ ಅರ್ಧಕ್ಕೆ ನಿಂತರೂ ಸರಿ. ಈ ವಿಡಿಯೋದ ಕೊನೆಯಲ್ಲಿ ನಿಮಗೆ ಟಕ್ ಟಕ್ ಕೇಳಿಸಿದರೆ, ಅದು ಅವಳೇ.

ಮತ್ತೆ ಸಿಗೋಣ. ನಮಸ್ಕಾರ.