ಕೊಣನೂರಿಗೆ ಬಂದ ಆಹ್ವಾನ

ಮೈಸೂರಿನ ಇತಿಹಾಸದಲ್ಲಿ ಕಳಲೆಯ ನಂಜರಾಜಯ್ಯನ ಬಾಳು ಚಿಂತನಾರ್ಹವಾದುದು. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜ್ಯದ ಸರ್ವಾಧಿಕಾರವನ್ನು ಕೈಯಲ್ಲಿರಿಸಿಕೊಂಡಿದ್ದ ಈತನು ಸ್ವತಃ ಗ್ರಂಥಕರ್ತನೂ ಆಗಿದ್ದನು. ನರಸಿಂಹಕವಿಯು ತನ್ನ ಅಲಂಕಾರಗ್ರಂಥಕ್ಕೆ ‘ನಂಜರಾಜಯಶೋಭೂಷಣ’ವೆಂದು ಈತನ ಹೆಸರನ್ನೇ ಇಟ್ಟನು. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೈದರನ ಸಾಹಸವನ್ನು ಮೆಚ್ಚಿ ಮುಂದಕ್ಕೆ ತಂದವನೂ ನಂಜರಾಜಯ್ಯನೇ.

ಆದರೆ ತಿರುಚಿನಾಪಳ್ಳಿಯ ಆಸೆಯಿಂದ ಕೈಗೊಂಡ ದೀರ್ಘ ದಂಡಯಾತ್ರೆಯು ಬೊಕ್ಕಸವನ್ನು ಬರಿದು ಮಾಡಿತು. ಸೈನಿಕರ ಸಂಬಳ ಬಾಕಿ ಬಿದ್ದಿತು. ಅರಮನೆಯ ಮೇಲೆಯೇ ಫಿರಂಗಿ ಹಾರಿಸಿ ಈತನು ರಾಜಪಕ್ಷದವರ ದ್ವೇಷಕ್ಕೂ ಪಾತ್ರನಾದನು. 1759ರಲ್ಲಿ ಹೈದರನ ಒತ್ತಡಕ್ಕೆ ಮಣಿದು ಅಧಿಕಾರವನ್ನು ತ್ಯಜಿಸಿ, ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದನು. ಅಲ್ಲಿಯೂ ನೆಮ್ಮದಿ ದೊರೆಯಲಿಲ್ಲ. ಹೈದರನ ಸೇನೆ ಮೈಸೂರು ಕೋಟೆಯನ್ನು ಮುತ್ತಿತು. ಕೋಟೆಯನ್ನು ಒಪ್ಪಿಸಿ ನಂಜರಾಜಯ್ಯನು ಕೊಣನೂರಿಗೆ ತೆರಳಿದನು.

1760ರಲ್ಲಿ ರಾಜ್ಯದೊಳಗೇ ಯುದ್ಧ ಹೊತ್ತಿತು. ಹೈದರನ ದಿವಾನನಾಗಿದ್ದ ಖಂಡೇರಾಯನು ಅರಮನೆಯ ಪಕ್ಷವನ್ನು ಸೇರಿ ಅವನ ಮೇಲೆಯೇ ತಿರುಗಿಬಿದ್ದನು. ಮರುವರ್ಷ ನಂಜನಗೂಡಿನ ಬಳಿ ಸೋತ ಹೈದರನು ಕೊಣನೂರಿಗೆ ಧಾವಿಸಿ, ತಾನೇ ಹೊರದೂಡಿದ್ದ ಹಿರಿಯನ ಮುಂದೆ ತಲೆಬಾಗಿ ಕ್ಷಮೆ ಬೇಡಿದನು. ಸರ್ವಾಧಿಕಾರವನ್ನು ಮರಳಿ ಕೊಡಿಸುವೆನೆಂದನು.

ಹೈದರನ ಕೈಯಲ್ಲಿ ಆಗ ಬಲವಂತ ಮಾಡುವಷ್ಟು ಬಲವಿರಲಿಲ್ಲ. ಆದರೂ ವೃದ್ಧ ದಂಡನಾಯಕನು ಒಪ್ಪಿದನು. ತನ್ನ ಸೈನಿಕರನ್ನು ಕೊಟ್ಟನು, ಅದಕ್ಕಿಂತ ಮಿಗಿಲಾಗಿ ತನ್ನ ಹೆಸರನ್ನು ಕೊಟ್ಟನು. ಹೈದರನಿಗೆ ಬೇಕಾಗಿದ್ದುದು ಆ ಹೆಸರೇ. ಖಂಡೇರಾಯನನ್ನು ಹಿಡಿದೊಪ್ಪಿಸಲು ಅವನ ಸರದಾರರು ಮೊದಲೇ ಒಪ್ಪಿರುವರೆಂಬ ಅರ್ಥ ಬರುವ ಪತ್ರಗಳನ್ನು ನಂಜರಾಜಯ್ಯನ ಮುದ್ರೆಯೊಡನೆ ಸಿದ್ಧಪಡಿಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಮಾಡಿದನು. ಅವನ್ನು ನಂಬಿದ ಖಂಡೇರಾಯನು ಸೇನೆಯನ್ನು ಬಿಟ್ಟು ಪಲಾಯನ ಮಾಡಿದನು. ನಾಯಕನಿಲ್ಲದ ಸೇನೆ ಸೋತಿತು. ಖಂಡೇರಾಯನು ಪಂಜರದಲ್ಲಿ ಸೆರೆಯಾದನು.

ಜಯ ಬಂದಿತು, ನಂಜರಾಜಯ್ಯನಿಗೆ ಪದವಿ ಮಾತ್ರ ಬರಲಿಲ್ಲ. ಆತನ ಕೊನೆಯ ದಿನಗಳು ಹೈದರನ ಕಾವಲಿನಲ್ಲೇ ಕಳೆದವು.

ಮೊದಲ ಬಾರಿ ಈತನ ಪದವಿಯನ್ನು ಪರರು ಕಸಿದುಕೊಂಡರು. ಎರಡನೆಯ ಬಾರಿ ತನ್ನ ಹೆಸರನ್ನು ಈತನೇ ಪರರ ಕೈಗೆ ಕೊಟ್ಟನು. ಅಧಿಕಾರವನ್ನು ಬಿಟ್ಟರೂ ಅದರ ಆಸೆಯನ್ನು ಬಿಡಲಾಗಲಿಲ್ಲ. ಕುಟುಂಬದಲ್ಲಾಗಲಿ ಸಂಸ್ಥೆಯಲ್ಲಾಗಲಿ ಹಿರಿಯರ ಹೆಸರಿಗೆ ದೊರೆಯುವ ವಿಶ್ವಾಸವು ಆಯುಷ್ಯವೆಲ್ಲ ಗಳಿಸಿದ ಸಂಪತ್ತು. ಅದನ್ನು ಇನ್ನೊಬ್ಬರ ಕಾರ್ಯಕ್ಕೆ ಒಪ್ಪಿಸುವ ಮುನ್ನ ಆ ಕಾರ್ಯದ ಸಾಧನವು ಶುದ್ಧವೇ ಎಂದು ಪರಿಶೀಲಿಸುವುದೇ ವೃದ್ಧಾಪ್ಯದ ವಿವೇಕ.