ಹಿಮ್ಮಡಿ ಮುರಿತ: ಎಷ್ಟು ಕೊಯ್ಯಬೇಕು?

ಅಡಿಕೆ ಮರದಿಂದ ಜಾರಿದವರು, ಕಟ್ಟಡದ ಸಾರವೆಯಿಂದ ಬಿದ್ದವರು ಕಾಲೂರಿ ನೆಲಕ್ಕೆ ಬಂದರೆ ಮೈಭಾರದ ಪೆಟ್ಟನ್ನೆಲ್ಲ ಮೊದಲು ತಾಳಬೇಕಾದದ್ದು ಹಿಮ್ಮಡಿ ಮೂಳೆ. ಹೊರಗೆ ಮೊಟ್ಟೆಯ ಚಿಪ್ಪಿನಂತೆ ತೆಳುವಾದ ಪದರ, ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಮೇಲಿನ ಮೂಳೆ ಬಂದು ಕುಟ್ಟಿದಾಗ ಅದು ಕುಸಿಯುತ್ತದೆ, ಎತ್ತರ ಕಳೆದುಕೊಂಡು ಪಕ್ಕಕ್ಕೆ ಹರಡುತ್ತದೆ. ಇಂಥ ಮುರಿತಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೀಲಿನೊಳಕ್ಕೂ ಇಳಿದಿರುತ್ತವೆ. ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುವ ಕೀಲು ಅದು. ಅದು ಬಿಗಿದುಕೊಂಡವರು ಸಿಮೆಂಟು ನೆಲದ ಮೇಲೆ ಹೇಗೋ ನಡೆದಾರು, ಗದ್ದೆಯ ಬದುವಿನ ಮೇಲೆ ನಡೆಯಲಾರರು.

ಇದಕ್ಕೆ ಮದ್ದೇ ಇಲ್ಲವೆಂದು ವೈದ್ಯರು ಬಹುಕಾಲ ನಂಬಿದ್ದರು. 1908ರಲ್ಲಿ ಅಮೆರಿಕದ ಕಾಟನ್ ಮತ್ತು ವಿಲ್ಸನ್ ಹೇಳಿದ ವಿಧಾನದಲ್ಲಿ ಚಾಕುವಿಗೆ ಜಾಗವೇ ಇರಲಿಲ್ಲ. ಪಾದದ ಒಳಬದಿಗೆ ಮರಳಿನ ಚೀಲ ಇಟ್ಟು, ಹೊರಬದಿಗೆ ದಪ್ಪ ಬಟ್ಟೆಯ ಮೆತ್ತೆ ಕೊಟ್ಟು, ಹರಡಿಕೊಂಡ ಮೂಳೆಯನ್ನು ಸುತ್ತಿಗೆಯಿಂದ ಬಡಿದು ಒಳಗೆ ಕೂರಿಸುತ್ತಿದ್ದರು. ಆ ಕಾಲದಲ್ಲಿ ತೆರೆದು ಕೊಯ್ದರೆ ಕೀವಾಗುವ ಭಯವಿತ್ತು. ಆ ಭಯ ಸುಳ್ಳಾಗಿರಲಿಲ್ಲ.

ವಿಯೆನ್ನಾದ ಲೊರೆಂಜ್ ಬೋಹ್ಲರ್ 1931ರಲ್ಲಿ ಎಕ್ಸ್‌ರೇ ಮೇಲೆ ಗೆರೆ ಎಳೆದು ಅಳೆಯುವ ಕೋನವೊಂದನ್ನು ತೋರಿಸಿಕೊಟ್ಟರು. ಸರಿಯಾದ ಹಿಮ್ಮಡಿಯಲ್ಲಿ ಅದು 20ರಿಂದ 40 ಡಿಗ್ರಿ. ಕುಸಿದ ಹಿಮ್ಮಡಿಯಲ್ಲಿ ಸೊನ್ನೆಗೂ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಹೋಗುತ್ತದೆ. ಆ ಕೋನವನ್ನು ಇವತ್ತಿಗೂ ಅಳೆಯುತ್ತಾರೆ. 1948ರಲ್ಲಿ ಸ್ವೀಡನ್ನಿನ ಪಾಮರ್ ಹೊರಬದಿಯಿಂದ ತೆರೆದು, ಕುಸಿದ ಕೀಲಿನ ಮೇಲ್ಮೈಯನ್ನು ಎತ್ತಿ, ಕೆಳಗಿನ ಪೊಳ್ಳಿಗೆ ಬೇರೆಡೆಯ ಮೂಳೆ ತುಂಬುವ ದಾರಿ ತೋರಿದರು. ಬರ್ಮಿಂಗ್‌ಹ್ಯಾಮ್‌ನ ಎಸೆಕ್ಸ್-ಲೊಪ್ರೆಸ್ಟಿ ಮುರಿತವನ್ನು ಎರಡು ಬಗೆಯಾಗಿ ವಿಂಗಡಿಸಿದರು: ನಾಲಿಗೆಯಾಕಾರದ್ದು, ಕೀಲು ಕುಸಿದದ್ದು. ಮೊದಲ ಬಗೆಗೆ ಚರ್ಮದ ಮೂಲಕವೇ ಲೋಹದ ಕಡ್ಡಿ ತೂರಿಸಿ ತುಣುಕನ್ನು ಎತ್ತಿ ಕೂರಿಸಿದರು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅವರ ಪ್ರಬಂಧ ಅಚ್ಚಾದದ್ದು 1952ರಲ್ಲಿ, ಅವರ ಸಾವಿನ ನಂತರ.

ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಕೀಲಿನ ಒಳಗೇನಾಗಿದೆ ಎಂಬುದು ಕೊಯ್ಯುವ ಮುನ್ನವೇ ಕಾಣಿಸತೊಡಗಿತು. 1993ರಲ್ಲಿ ಫ್ಲೋರಿಡಾದ ರಾಯ್ ಸ್ಯಾಂಡರ್ಸ್ ಕೀಲಿನ ತುಣುಕುಗಳನ್ನು ಎಣಿಸಿ ನಾಲ್ಕು ದರ್ಜೆ ಮಾಡಿದರು. 120 ಮುರಿತಗಳ ಆ ವರದಿಯಲ್ಲಿ ಎರಡು ಮತ್ತು ಮೂರನೆಯ ದರ್ಜೆಯ ಬಹುಪಾಲು ರೋಗಿಗಳು ಚೇತರಿಸಿಕೊಂಡಿದ್ದರು. ಚೂರುಚೂರಾದ ನಾಲ್ಕನೆಯ ದರ್ಜೆಯಲ್ಲಿ ಹತ್ತರಲ್ಲಿ ಒಬ್ಬರಿಗೂ ಒಳ್ಳೆಯ ಫಲ ಸಿಕ್ಕಿರಲಿಲ್ಲ. ಅಂಥ ಕೀಲನ್ನು ಮೊದಲೇ ಬೆಸೆದುಬಿಡುವುದು ಲೇಸೆಂದು ಹಲವರು ವಾದಿಸುವುದು ಇದಕ್ಕೇ.

ಅದೇ ದಶಕದಲ್ಲಿ ಹೊರಬದಿಯ ದೊಡ್ಡ 'ಎಲ್' ಆಕಾರದ ಕೊಯ್ತ ಎಲ್ಲೆಡೆ ನೆಲೆಯೂರಿತು. ಚರ್ಮವನ್ನು ಮೂಳೆಯಿಂದ ಪೂರ್ತಿ ಎತ್ತಿ ಹಿಡಿದರೆ ಇಡೀ ಹಿಮ್ಮಡಿ ಕಣ್ಣೆದುರಿಗಿರುತ್ತದೆ. ಪ್ಲೇಟು, ಸ್ಕ್ರೂಗಳನ್ನು ನೆಮ್ಮದಿಯಾಗಿ ಹಾಕಬಹುದು. ಮುಂದಿನ ಎಕ್ಸ್‌ರೇ ನೋಡಿದವರಿಗೆ ಸಂತೋಷವೇ. ಆದರೆ ಅಲ್ಲಿನ ಚರ್ಮ ತೆಳು, ಅಡಿಯಲ್ಲಿ ಮಾಂಸವಿಲ್ಲ, ಎತ್ತಿದ ಚರ್ಮದ ಮೂಲೆಗೆ ರಕ್ತ ತಲುಪುವುದು ಒಂದು ಸಣ್ಣ ಅಪಧಮನಿಯಿಂದ. ಆ ಮೂಲೆ ಕಪ್ಪಾಗಿ ಸತ್ತರೆ ಗಾಯ ಬಿಚ್ಚಿಕೊಳ್ಳುತ್ತದೆ, ಸೋಂಕು ಪ್ಲೇಟಿಗೆ ತಲುಪುತ್ತದೆ. ಕೆಲವು ವರದಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಗಾಯದ ತೊಂದರೆ ಆಗಿದೆ. ಬೀಡಿ, ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಈ ಅಪಾಯ ಇನ್ನೂ ಹೆಚ್ಚು.

ಇಷ್ಟೆಲ್ಲ ಮಾಡಿದ್ದಕ್ಕೆ ರೋಗಿಗೆ ಸಿಕ್ಕಿದ್ದೇನು? ಕೆನಡಾದ ಬಕ್ಲಿ ಮತ್ತು ಸಂಗಡಿಗರು 424 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಕೊಯ್ದವರಿಗೂ ಕೊಯ್ಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿಡಿಸಿ ನೋಡಿದಾಗ ಹೆಂಗಸರು, ಕಿರಿಯರು, ಕೆಲಸಗಾರರ ಪರಿಹಾರದ ವ್ಯಾಜ್ಯ ಇಲ್ಲದವರು ಶಸ್ತ್ರಚಿಕಿತ್ಸೆಯಿಂದ ಲಾಭ ಪಡೆದಿದ್ದರು. ಕೊಯ್ಯದೆ ಬಿಟ್ಟವರಲ್ಲಿ ಮುಂದೆ ಕೀಲು ಬೆಸೆಯಬೇಕಾಗಿ ಬಂದದ್ದು ಹಲವು ಪಟ್ಟು ಹೆಚ್ಚು. 2014ರಲ್ಲಿ ಬ್ರಿಟನ್ನಿನ 22 ಆಸ್ಪತ್ರೆಗಳ 151 ರೋಗಿಗಳ ಅಧ್ಯಯನ ಬಂತು. ಎರಡು ವರ್ಷ ಕಳೆದರೂ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಎರಡೂ ಗುಂಪು ಒಂದೇ. ತೊಡಕುಗಳು ಮಾತ್ರ ಕೊಯ್ದವರಲ್ಲಿ ಶೇ. 23, ಕೊಯ್ಯದವರಲ್ಲಿ ಶೇ. 4. ಈ ಅಂಕಿ ಹಿಡಿದು ಶಸ್ತ್ರಚಿಕಿತ್ಸೆಯೇ ಬೇಡ ಎನ್ನುವವರನ್ನು ನಾನು ಒಪ್ಪಲಾರೆ. ತೀರಾ ವಿರೂಪಗೊಂಡ ಹಿಮ್ಮಡಿಗಳನ್ನು ಆ ಅಧ್ಯಯನ ಹೊರಗಿಟ್ಟಿತ್ತು, ಅಲ್ಲಿ ಹಾಕಿದ್ದು ದೊಡ್ಡ ಕೊಯ್ತವನ್ನೇ. ಕೀಲು ಸವೆದು ನೋವು ಹೆಚ್ಚುವುದಕ್ಕೆ ಎರಡು ವರ್ಷ ತೀರಾ ಕಡಿಮೆ ಅವಧಿ.

ಈಚಿನ ವರ್ಷಗಳ ನಿಜವಾದ ಬದಲಾವಣೆ ಕೊಯ್ತದ ಅಳತೆಯಲ್ಲಿದೆ. ಕಾಲಿನ ಹೊರಬದಿಯ ಗಿಣ್ಣಿನ ತುದಿಯ ಕೆಳಗಿಂದ ಮುಂದಕ್ಕೆ ಮೂರರಿಂದ ಐದು ಸೆಂಟಿಮೀಟರಿನಷ್ಟು ಸೀಳಿ, ಕೀಲಿನ ಮುಖ್ಯ ಭಾಗವನ್ನಷ್ಟೇ ನೋಡಿ ಎತ್ತಿ, ಉಳಿದದ್ದನ್ನು ಎಕ್ಸ್‌ರೇ ಪರದೆ ನೋಡುತ್ತ ಸ್ಕ್ರೂ ಹಾಕಿ ಬಿಗಿಯುವ ವಿಧಾನವನ್ನು ದೊಡ್ಡ ಕೊಯ್ತದೊಂದಿಗೆ ಅನೇಕ ಅಧ್ಯಯನಗಳು ಹೋಲಿಸಿವೆ. ನಡಿಗೆಯ ಫಲ ಹೆಚ್ಚುಕಡಿಮೆ ಸಮ, ಗಾಯದ ತೊಂದರೆ ಸ್ಪಷ್ಟವಾಗಿ ಕಡಿಮೆ. ಆದರೆ ಕಾಣುವ ಜಾಗ ಕಿರಿದು, ಕೈ ಪಳಗಿರಬೇಕು. ಎರಡು ವಾರ ದಾಟಿದರೆ ತುಣುಕುಗಳು ಅಂಟಿಕೊಳ್ಳತೊಡಗುತ್ತವೆ, ಕಿರಿದಾದ ಸೀಳಿನಿಂದ ಬಿಡಿಸುವುದು ಕಷ್ಟ. ಚೂರಾದ ಹಿಮ್ಮಡಿಗೆ ದೊಡ್ಡ ಕೊಯ್ತ ಈಗಲೂ ಬೇಕಾಗಬಹುದು. ಎರಡು ಮೂರು ದೊಡ್ಡ ತುಣುಕುಗಳಷ್ಟೇ ಇರುವ ಕಡೆ, ಪಳಗಿದ ಕೈ ಇದ್ದರೆ, ಸಣ್ಣ ಸೀಳೇ ಮೊದಲ ಆಯ್ಕೆ ಎಂಬುದು ನನ್ನ ತೀರ್ಮಾನ.

ಮನೆಯಲ್ಲಿ ಯಾರಾದರೂ ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದಿದ್ದರೆ ಬೆನ್ನುಮೂಳೆಯನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ. ಎರಡೂ ಒಟ್ಟಿಗೆ ಮುರಿಯುವುದುಂಟು. ಊತ ಇಳಿದು ಚರ್ಮ ಸುಕ್ಕುಗಟ್ಟುವವರೆಗೆ ವಾರವೋ ಹತ್ತು ದಿನವೋ ಕಾಯಲು ಹೇಳಿದರೆ ಆತುರಪಡಬೇಡಿ, ಆ ಕಾಯುವಿಕೆಯೂ ಚಿಕಿತ್ಸೆಯೇ. ಮುರಿದ ತುಣುಕು ಹಿಂಬದಿಯ ಚರ್ಮವನ್ನು ಒಳಗಿಂದ ಒತ್ತಿ ಬಿಳುಚಿಸಿದ್ದರೆ ಮಾತ್ರ ಒಂದು ಗಂಟೆಯನ್ನೂ ಕಳೆಯಬೇಡಿ. ಬೀಡಿ ಸೇದುವವರಾದರೆ ಬಿದ್ದ ದಿನವೇ ಬಿಡಿಸಿ.