ಬಿಸಿಲು ಪುಕ್ಕಟೆ, ಮಾತ್ರೆಗೆ ಮಾತ್ರ ದುಡ್ಡು!

ಆರೋಗ್ಯದ ಕಾರ್ಯಕ್ರಮ ಯಾವತ್ತೇ ನಡೆಸಲಿ, ವೀಕ್ಷಕರ ಒಂದು ಪ್ರಶ್ನೆ ಮಾತ್ರ ತಪ್ಪೋದೇ ಇಲ್ಲ. ‘ಸರ್, ಬ್ಲಡ್ ಟೆಸ್ಟ್ ಮಾಡಿಸಿದೆ, ವಿಟಮಿನ್ ಡಿ ಕಡಿಮೆ ಅಂತ ಬಂತು, ಏನ್ಮಾಡ್ಲಿ?’ ಕೇಳುವವರಲ್ಲಿ ಬಳ್ಳಾರಿಯವರೂ ಇರ್ತಾರೆ, ರಾಯಚೂರಿನವರೂ ಇರ್ತಾರೆ. ಸ್ವಲ್ಪ ಯೋಚನೆ ಮಾಡಿ. ರಾಯಚೂರು! ಏಪ್ರಿಲ್ ಬಂತೆಂದರೆ ಕಲ್ಲು ಕಾದು ಕಾಲಿಡಲಾಗದ ಊರು. ಅಲ್ಲಿ ಬಿಸಿಲಿನಿಂದ ಸಿಗುವ ವಿಟಮಿನ್ನಿಗೆ ಬರ ಬಂದಿದೆ ಅಂದರೆ ಏನರ್ಥ?

ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಔಷಧದ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಇತಿಹಾಸಕ್ಕೆ ಹೋಗಬೇಕು. ಬನ್ನಿ, ಮುನ್ನೂರೈವತ್ತು ವರ್ಷಕ್ಕೂ ಹಿಂದಕ್ಕೆ ಹೋಗೋಣ.

1650ರಲ್ಲಿ ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ ಮಕ್ಕಳ ಒಂದು ಕಾಯಿಲೆಯ ಬಗ್ಗೆ ದೊಡ್ಡ ಪುಸ್ತಕ ಬರೆದ. ಮಗು ಹುಟ್ಟುವಾಗ ಚೆನ್ನಾಗಿರುತ್ತೆ. ನಡೆಯೋಕೆ ಶುರು ಮಾಡಿದ ಮೇಲೆ ಕಾಲು ಬಿಲ್ಲಿನಂತೆ ಬಾಗುತ್ತೆ. ಎದೆಗೂಡು ಮುಂದಕ್ಕೆ ಚಾಚುತ್ತೆ, ಮಣಿಕಟ್ಟು ಊದಿಕೊಳ್ಳುತ್ತೆ. ಇದೇ ರಿಕೆಟ್ಸ್. ಮೂಳೆ ಗಟ್ಟಿಯಾಗದೇ ಇರುವ ರೋಗ. ಗಂಡುಮಗು ಸೊಟ್ಟಗಾಲಿನಲ್ಲಿ ಬದುಕಿಕೊಳ್ಳುತ್ತಿತ್ತು. ಹೆಣ್ಣುಮಗುವಿನ ಕಥೆ ಹಾಗಲ್ಲ. ಸೊಂಟದ ಮೂಳೆ ಸೊಟ್ಟಗಾದ ಹುಡುಗಿ ದೊಡ್ಡವಳಾಗಿ ಬಸುರಾದಾಗ ಮಗು ಹೊರಗೆ ಬರೋಕೆ ದಾರಿಯೇ ಇರುತ್ತಿರಲಿಲ್ಲ. ಎಷ್ಟೋ ತಾಯಂದಿರು ಹೆರಿಗೆಯಲ್ಲೇ ಸತ್ತರು.

ಆಮೇಲೆ ಬಂತು ಕಾರ್ಖಾನೆಗಳ ಯುಗ. ಕಲ್ಲಿದ್ದಲಿನ ಹೊಗೆ ಲಂಡನ್, ಗ್ಲಾಸ್ಗೋ, ಮ್ಯಾಂಚೆಸ್ಟರ್‌ನ ಆಕಾಶವನ್ನೇ ಮುಚ್ಚಿಬಿಟ್ಟಿತು. ಇಕ್ಕಟ್ಟಾದ ಓಣಿ, ಕತ್ತಲೆ ಕೋಣೆ. ಮಕ್ಕಳು ಬೆಳೆದದ್ದು ಅಲ್ಲೇ. ರಿಕೆಟ್ಸ್ ಮನೆಮನೆಯ ಕಾಯಿಲೆಯಾಯಿತು.

ಹಾಗಾದ್ರೆ ಯಾರೂ ಕಾರಣ ಹುಡುಕಲಿಲ್ಲವಾ? ಹುಡುಕಿದರು. 1822ರಲ್ಲೇ ಪೋಲೆಂಡ್ ಮೂಲದ ವೈದ್ಯ ಶ್ನ್ಯಾದೆತ್ಸ್ಕಿ ಗಮನಿಸಿದ್ದ: ವಾರ್ಸಾ ನಗರದ ಮಕ್ಕಳಿಗೆ ಈ ರೋಗ ಜಾಸ್ತಿ, ಸುತ್ತಲಿನ ಹಳ್ಳಿಯ ಮಕ್ಕಳಿಗೆ ಕಡಿಮೆ. ಮಕ್ಕಳನ್ನು ಬಿಸಿಲಿಗೆ ಬಿಡಿ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಂತರ ಥಿಯೋಬಾಲ್ಡ್ ಪಾಮ್ ಎಂಬ ಬ್ರಿಟಿಷ್ ವೈದ್ಯ ಬಂದ. ಮಿಷನರಿಯಾಗಿ ಜಪಾನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಊರಿಗೆ ವಾಪಸ್ ಬಂದು ನೋಡಿದರೆ ಎಲ್ಲಿ ನೋಡಿದರೂ ಸೊಟ್ಟಗಾಲಿನ ಮಕ್ಕಳು. ಜಪಾನಿನಲ್ಲಿ ಅವನ ಕಣ್ಣಿಗೇ ಬೀಳದಿದ್ದ ರೋಗ ಇದು. ಅವನಿಗೆ ಕುತೂಹಲ ಹುಟ್ಟಿತು. ಚೀನಾ, ಭಾರತ ಸೇರಿ ಬೇರೆ ಬೇರೆ ದೇಶಗಳಲ್ಲಿದ್ದ ವೈದ್ಯ ಮಿಷನರಿಗಳಿಂದ ಮಾಹಿತಿ ತರಿಸಿದ. ಬಿಸಿಲಿನ ದೇಶಗಳಲ್ಲಿ ಬಡತನ ಇದೆ, ಕೊಳಕು ಇದೆ, ಊಟ ಸರಿಯಿಲ್ಲ. ಆದರೂ ರಿಕೆಟ್ಸ್ ಅಪರೂಪ. 1890ರಲ್ಲಿ ಅವನು ಲೇಖನ ಬರೆದು ಹೇಳಿದ್ದು ಒಂದೇ ಮಾತು: ಈ ಮಕ್ಕಳಿಗೆ ಬೇಕಾಗಿರೋದು ಸೂರ್ಯ. ಆಗಲೂ ಜಗತ್ತು ಮೂವತ್ತು ವರ್ಷ ಸುಮ್ಮನೆ ಕೂತಿತು.

1919ರಲ್ಲಿ ಎರಡು ಸುದ್ದಿ ಒಟ್ಟೊಟ್ಟಿಗೆ ಬಂದವು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಒಳಗೇ ಸಾಕಿ, ಓಟ್ಸ್ ತಿನ್ನಿಸಿ ರಿಕೆಟ್ಸ್ ಬರಿಸಿದ. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟಾಗ ರೋಗ ಹೋಯಿತು. ‘ಇದು ಆಹಾರದ ಸಮಸ್ಯೆ’ ಅಂದ. ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯ ಮಕ್ಕಳನ್ನು ಪಾದರಸದ ದೀಪದ ಅತಿನೇರಳೆ ಬೆಳಕಿನಲ್ಲಿ ಮಲಗಿಸಿದ. ಎಕ್ಸ್-ರೇ ತೆಗೆದು ನೋಡಿದರೆ ಮೂಳೆ ಗಟ್ಟಿಯಾಗುತ್ತಿತ್ತು. ಒಂದು ಕೈಗೆ ಮಾತ್ರ ಬೆಳಕು ಹಾಯಿಸಿದರೂ ಇನ್ನೊಂದು ಕೈಯ ಮೂಳೆಯೂ ವಾಸಿಯಾಯಿತು! ಅಂದರೆ ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಇಡೀ ಮೈಗೆ ಹರಿಯುತ್ತಿದೆ. ‘ಇದು ಬೆಳಕಿನ ಸಮಸ್ಯೆ’ ಅಂದ.

ಯಾರು ಸರಿ? ಇಬ್ಬರೂ ಸರಿ. ಮೊದಲ ಮಹಾಯುದ್ಧದಲ್ಲಿ ಸೋತು ಹಸಿದಿದ್ದ ವಿಯೆನ್ನಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹ್ಯಾರಿಯಟ್ ಚಿಕ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಮೀನೆಣ್ಣೆ ಕೊಟ್ಟ ಮಕ್ಕಳೂ ಗುಣವಾದರು, ಬಿಸಿಲಲ್ಲಿಟ್ಟ ಮಕ್ಕಳೂ ಗುಣವಾದರು. 1922ರಲ್ಲಿ ಅಮೆರಿಕದ ಮೆಕಾಲಮ್ ತಂಡ ಮೀನೆಣ್ಣೆಯಲ್ಲಿದ್ದ ವಿಟಮಿನ್ ಎ ನಾಶ ಮಾಡಿ ನೋಡಿತು. ಆದರೂ ಅದು ರಿಕೆಟ್ಸ್ ಗುಣ ಮಾಡುತ್ತಿತ್ತು. ಹಾಗಾಗಿ ಈ ಹೊಸ ವಸ್ತುವಿಗೆ ಹೆಸರಿಟ್ಟರು: ವಿಟಮಿನ್ ಡಿ. ಎ, ಬಿ, ಸಿ ಆಗಲೇ ಖಾಲಿಯಾಗಿದ್ದವು, ಅಷ್ಟೇ!

ಈಗ ನಮ್ಮ ದೇಶಕ್ಕೆ ಬರೋಣ. ಅದೇ 1922ರಲ್ಲಿ ಹಚಿಸನ್ ಮತ್ತು ಶಾ ಎಂಬ ವೈದ್ಯರು ಮುಂಬಯಿ ಪ್ರಾಂತ್ಯದ ನಾಸಿಕದಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಹೊಲದಲ್ಲಿ ದುಡಿಯುವ, ಹೊಟ್ಟೆ ತುಂಬಾ ಊಟ ಇಲ್ಲದ ಬಡವರ ಮಕ್ಕಳಲ್ಲಿ ರಿಕೆಟ್ಸ್ ಕಡಿಮೆ. ಹಾಲು ತುಪ್ಪಕ್ಕೆ ಕೊರತೆಯಿಲ್ಲದ, ಆದರೆ ಹೆಂಗಸರನ್ನೂ ಮಕ್ಕಳನ್ನೂ ಒಳಗೇ ಕೂರಿಸುವ ಅನುಕೂಲಸ್ಥರ ಮನೆಗಳಲ್ಲಿ ರಿಕೆಟ್ಸ್ ಇದೆ! ಅಂತಸ್ತು ಹೆಚ್ಚಿದಷ್ಟೂ ಬಾಗಿಲು ಮುಚ್ಚಿತು, ಬಾಗಿಲು ಮುಚ್ಚಿದಷ್ಟೂ ಮೂಳೆ ಮೆತ್ತಗಾಯಿತು. ನೂರು ವರ್ಷದ ಹಿಂದೆಯೇ ನಮಗೆ ಎಚ್ಚರಿಕೆ ಸಿಕ್ಕಿತ್ತು ಸ್ವಾಮಿ!

ಇನ್ನು ವ್ಯಾಪಾರದ ಕಥೆ ಕೇಳಿ. 1924ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಆಹಾರದ ಮೇಲೆ ಅತಿನೇರಳೆ ಬೆಳಕು ಹಾಯಿಸಿದರೆ ಅದರಲ್ಲೇ ವಿಟಮಿನ್ ಡಿ ಹುಟ್ಟುತ್ತೆ ಅಂತ ಕಂಡುಹಿಡಿದ. ಪೇಟೆಂಟ್ ಮಾಡಿಸಿದ. ಅದನ್ನು ಜೇಬಿಗಿಳಿಸದೆ ವಿಶ್ವವಿದ್ಯಾಲಯದ ಸಂಶೋಧನೆಗಾಗಿಯೇ ಹುಟ್ಟಿಕೊಂಡ ಪ್ರತಿಷ್ಠಾನಕ್ಕೆ ಒಪ್ಪಿಸಿದ. ಅಮೆರಿಕದಲ್ಲಿ ವಿಟಮಿನ್ ಡಿ ಬೆರೆಸಿದ ಹಾಲು ಬಂತು, ರಿಕೆಟ್ಸ್ ಮಾಯವಾಗುತ್ತಾ ಹೋಯಿತು. ಈ ವಸ್ತುವಿನ ರಸಾಯನಶಾಸ್ತ್ರ ಬಿಡಿಸಿದ ಜರ್ಮನಿಯ ಅಡಾಲ್ಫ್ ವಿಂಡೌಸ್‌ಗೆ 1928ರಲ್ಲಿ ನೊಬೆಲ್ ಬಂತು.

ಆದರೆ ಅಮೃತವೂ ಅತಿಯಾದರೆ? ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹಸುಗೂಸುಗಳ ಹಾಲುಪುಡಿಗೂ ಡಿ, ಧಾನ್ಯಕ್ಕೂ ಡಿ, ಮೇಲಿಂದ ಮೀನೆಣ್ಣೆ. 1950ರ ದಶಕದ ಆರಂಭದಲ್ಲಿ ಅಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದ ಶಿಶುಗಳು ಆಸ್ಪತ್ರೆ ಸೇರತೊಡಗಿದವು. ವಿಟಮಿನ್ ಡಿ ಅತಿಯಾಗಿರಬಹುದು ಅಂತ ಅನುಮಾನಿಸಿ ಸರ್ಕಾರ ಪ್ರಮಾಣ ಇಳಿಸಬೇಕಾಯಿತು. ಇಲ್ಲೊಂದು ಮಾತು ನೆನಪಿಡಿ. ಎಷ್ಟು ಹೊತ್ತು ಬಿಸಿಲಲ್ಲಿ ನಿಂತರೂ ವಿಟಮಿನ್ ಡಿ ವಿಷವಾಗಲ್ಲ. ಹೆಚ್ಚಾದದ್ದನ್ನು ಅದೇ ಬಿಸಿಲು ಚರ್ಮದಲ್ಲೇ ಒಡೆದುಹಾಕುತ್ತೆ. ಮಾತ್ರೆಗೆ, ಇಂಜೆಕ್ಷನ್ನಿಗೆ ಆ ಕಾವಲುಗಾರ ಇಲ್ಲ. ವಾರಕ್ಕೊಂದು ಅಂತ ಬರೆದುಕೊಟ್ಟ 60,000 ಯೂನಿಟ್ಟಿನ ಮಾತ್ರೆಯನ್ನು ದಿನಾ ನುಂಗಿದರೆ ಕಿಡ್ನಿ ಕೈಕೊಡುತ್ತೆ.

ಹಾಗಾದ್ರೆ ಬಿಸಿಲಿನ ನಾಡಿನ ನಮಗೇನಾಯಿತು? ದೆಹಲಿಯ ಏಮ್ಸ್ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಳಗೆ ಕೆಲಸ ಮಾಡುವ ವೈದ್ಯರು, ನರ್ಸ್‌ಗಳಲ್ಲೇ ವಿಟಮಿನ್ ಡಿ ಕಡಿಮೆ ಇತ್ತು. ಹೊರಗೆ ದುಡಿಯುವ ಸೈನಿಕರಲ್ಲಿ ಚೆನ್ನಾಗಿತ್ತು. ನಮ್ಮ ಪಕ್ಕದ ತಿರುಪತಿ ಭಾಗದ ಅಧ್ಯಯನದಲ್ಲೂ ಹೊಲದವರಿಗೆ ಹೆಚ್ಚು, ಪೇಟೆಯವರಿಗೆ ಕಡಿಮೆ. ನಾಸಿಕದ ಕಥೆಯೇ ಮತ್ತೆ. ಆಗ ಪರದೆ ಇತ್ತು, ಈಗ ಫ್ಲ್ಯಾಟು, ಆಫೀಸು, ಎಸಿ ಕಾರು, ಟ್ಯೂಷನ್ನು.

ಈಗ ಕೆಲಸಕ್ಕೆ ಬರುವ ಮಾತು. ‘ನಾನು ದಿನಾ ಬೆಳಿಗ್ಗೆ ಆರೂವರೆಗೆ ಎಳೆಬಿಸಿಲಲ್ಲಿ ವಾಕ್ ಮಾಡ್ತೀನಲ್ಲ’ ಅಂತೀರಾ? ಮಾಡಿ, ಹೃದಯಕ್ಕೆ ಒಳ್ಳೇದು. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರು ಮಾಡುವ ಯುವಿ-ಬಿ ಕಿರಣ ಆ ಹೊತ್ತಿಗೆ ನೆಲಕ್ಕೆ ತಲುಪೋದು ಅತ್ಯಲ್ಪ. ಸೂರ್ಯ ಕೆಳಗಿದ್ದಾಗ ಕಿರಣ ಓರೆಯಾಗಿ ದಪ್ಪ ವಾತಾವರಣ ದಾಟಬೇಕು, ದಾರಿಯಲ್ಲೇ ಸೋರಿಹೋಗುತ್ತೆ. ಮೀಟರ್ ಬೇಡ, ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕೆಲಸ ಆಗ್ತಿದೆ ಅಂತ ತಿಳೀರಿ. ನಮ್ಮ ಕರ್ನಾಟಕದಲ್ಲಿ ಏಪ್ರಿಲ್‌ನಲ್ಲಿ ಒಂಬತ್ತೂವರೆ ಹೊತ್ತಿಗೇ ನೆರಳು ಗಿಡ್ಡವಾಗುತ್ತೆ. ಡಿಸೆಂಬರ್‌ನಲ್ಲಿ ಹನ್ನೊಂದರವರೆಗೆ ಕಾಯಬೇಕು. ಹಾಗಾಗಿ ಬೇಸಿಗೆಯ ಉರಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ನಿಂತು ತಲೆಸುತ್ತು ಬರಿಸಿಕೊಳ್ಳೋದು ಬೇಡ.

ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತೆ. ಮುಖ ಒಂದೇ ಸಾಲದು, ಕೈ ಕಾಲಿಗೂ ಬಿಸಿಲು ಬೀಳಬೇಕು. ನಮ್ಮ ಕಪ್ಪು ಮೈಬಣ್ಣ ಸುಡದಂತೆ ಕಾಯುತ್ತೆ, ಆದರೆ ವಿಟಮಿನ್ ತಯಾರಿಯನ್ನೂ ನಿಧಾನ ಮಾಡುತ್ತೆ. ಬಿಳಿಯರಿಗೆ ಸಾಕಾಗುವ ಹತ್ತು ನಿಮಿಷ ನಮಗೆ ಸಾಲಲ್ಲ. ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ಚರ್ಮ ಕೆಂಪಾಗಿ ಉರಿಯುವ ಮೊದಲೇ ನೆರಳಿಗೆ ಬನ್ನಿ.

ಬಾಣಂತಿ ಕೋಣೆಯ ಬಗ್ಗೆಯೂ ಒಂದು ಮಾತು. ತಿಂಗಳುಗಟ್ಟಲೆ ಕಿಟಕಿ ಮುಚ್ಚಿ ತಾಯಿಯನ್ನು ಕತ್ತಲಲ್ಲಿಟ್ಟರೆ ಆಕೆಯ ವಿಟಮಿನ್ ಡಿ ಇಳಿಯುತ್ತೆ, ಎದೆಹಾಲಿನಲ್ಲಿ ಅದು ಮೊದಲೇ ಕಡಿಮೆ. ಅದಕ್ಕೇ ಮಕ್ಕಳ ವೈದ್ಯರು ಮೊದಲ ವರ್ಷ ಮಗುವಿಗೆ ದಿನಕ್ಕೆ 400 ಯೂನಿಟ್ ಹನಿ ಹಾಕಲು ಹೇಳ್ತಾರೆ. ಅದನ್ನು ತಪ್ಪಿಸಬೇಡಿ. ಅಜ್ಜಿಯ ಎಣ್ಣೆ ನೀರು ಇರಲಿ, ವೈದ್ಯರ ಹನಿಯೂ ಇರಲಿ.

ವಯಸ್ಸಾದವರು, ಮೂಳೆ ನೋವಿರುವವರು, ಹಾಸಿಗೆ ಹಿಡಿದವರು ವೈದ್ಯರು ಹೇಳಿದಂತೆ ಮಾತ್ರೆ ತಗೊಳ್ಳಲೇಬೇಕು. ಆದರೆ ಆರೋಗ್ಯವಾಗಿರುವ ವಯಸ್ಕರೆಲ್ಲ ಸುಮ್ಮನೆ ಈ ಪರೀಕ್ಷೆ ಮಾಡಿಸುತ್ತಾ ಹೋಗುವ ಅಗತ್ಯವಿಲ್ಲ ಅಂತ ಹಾರ್ಮೋನ್ ತಜ್ಞರ ಅಂತಾರಾಷ್ಟ್ರೀಯ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರಲ್ಲೇ ಹೇಳಿದೆ. ಪ್ಯಾಕೇಜ್ ಮಾರುವವರು ಇದನ್ನು ನಿಮಗೆ ಹೇಳಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ.

ಕೊನೆಗೆ ನನ್ನ ಪ್ರಶ್ನೆ ಸರ್ಕಾರಕ್ಕೂ, ಪೋಷಕರಿಗೂ. ಲಂಡನ್ನಿನ ಮಕ್ಕಳ ಬಿಸಿಲನ್ನು ಹೊಗೆ ಕಿತ್ತುಕೊಂಡಿತು. ನಮ್ಮ ಮಕ್ಕಳ ಬಿಸಿಲನ್ನು ಕಿತ್ತುಕೊಳ್ತಿರೋರು ಯಾರು? ಆಟದ ಮೈದಾನವೇ ಇಲ್ಲದ ಕಟ್ಟಡದಲ್ಲಿ ಶಾಲೆ ನಡೆಸಲು ಅನುಮತಿ ಕೊಡುವವರು. ಪಿ.ಟಿ. ಪೀರಿಯಡ್ ಕಿತ್ತು ಗಣಿತಕ್ಕೆ ಕೊಡುವವರು. ‘ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ’ ಅಂತ ಮಗಳನ್ನು ಒಳಗೆ ಕರೆಯುವ ನಾವು. ಆ ಮಗಳ ಮೂಳೆ ಗಟ್ಟಿಯಾಗುವ ವಯಸ್ಸು ಇದೇ. ಕಪ್ಪಾದರೆ ಆಗಲಿ ಬಿಡಿ, ಹೊರಗೆ ಆಡಿಕೊಂಡು ಬರಲಿ.